ಬೋರವ್ವ ಕುಡಿದ ಕಹಿತುಪ್ಪ

ಕೇಳ್ರಪ್ಪೋ ಕೇಳಿ, ಕೂತೋರು ಕೇಳಿ, ನಿಂತೋರು ಕೂತು ಕೇಳಿ. ಯಾವುದೋ ಒಂದು ಸೀಮೆ, ಅದರ ಹೆಸರು ನಮ್ಮಜ್ಜಿಗೂ ಗೊತ್ತಿರಲಿಲ್ಲ. ಅಲ್ಲೊಂದು ಮನೆ, ಮನೆಗೆ ಇಬ್ಬರು ಸೊಸೆಯರು. ದೊಡ್ಡೋಳು ಬೋರವ್ವ, ಚಿಕ್ಕೋಳು ಹೊನ್ನಿ.

ಹೊನ್ನಿಗೆ ವಾಯು ಹಿಡಿದು ಕೈಬೆರಳು ಮಡಿಸೋಕೆ ಬಾರದಂಗಾಯ್ತು. ಅತ್ತೆ ಮದ್ದಿನ ಸಣ್ಣಜ್ಜಿಯನ್ನ ಕರೆಸಿದಳು. ಮೈಯೊಳಗಿನ ಕೆಟ್ಟದ್ದನ್ನೆಲ್ಲ ಇಳಿಸಬೇಕು, ಒಂಬತ್ತು ದಿನದ ಕೆಲಸ ಅಂದಳು ಅಜ್ಜಿ.

ಮೂರು ದಿನ ಅತ್ತೆ ಹೊನ್ನಿಗೆ ಕೈಯಾರೆ ತುಪ್ಪ ಕುಡಿಸಿದಳು. ಬೋರವ್ವ ಬಾಗಿಲ ಸಂದಿಯಲ್ಲಿ ನೋಡಿದಳು, ಹೊಟ್ಟೆ ಉರೀತು. ಮುಂದಿನ ಮೂರು ದಿನ ಅತ್ತೆ ಅವಳಿಗೆ ಅಂಗಾಲಿಂದ ನೆತ್ತಿವರೆಗೆ ಎಣ್ಣೆ ತಿಕ್ಕಿ, ಹಬೆ ಕೊಟ್ಟು ಬೆವರಿಸಿದಳು. ಬೋರವ್ವ ನೋಡಿದಳು, ಹೊಟ್ಟೆ ಇನ್ನೂ ಉರೀತು. ಏಳನೇ ದಿನ ಮಾತ್ರ ಅವಳು ಎಣ್ಣೆಬಟ್ಟೆ ಒಗೆಯೋಕೆ ಹೊಳೆಗೆ ಹೋಗಿದ್ದಳು, ಅವತ್ತು ನಡೆದದ್ದು ಕಾಣಲಿಲ್ಲ. ಅಲ್ಲೇ ನೋಡಿ ಅವಳು ಕೆಟ್ಟಿದ್ದು. ಆಮೇಲೆ ಎರಡು ದಿನ ಅತ್ತೆ ಮಗುವಿಗೆ ಕುಡಿಸೋ ಹಂಗೆ ಗಂಜಿ ಕುಡಿಸಿದಳು. ಬೋರವ್ವ ನೋಡಿದಳು, ಉರಿಯೋಕೆ ಹೊಟ್ಟೇಲಿ ಏನೂ ಉಳಿದಿರಲಿಲ್ಲ.

ಹನ್ನೆರಡು ವರ್ಷ ಈ ಮನೆ ಒಲೆ ಮುಂದೆ ಬೆಂದೋಳು ನಾನು, ನನ್ನ ನೆತ್ತಿಗೆ ಒಂದು ಹನಿ ಎಣ್ಣೆ ಇಟ್ಟೋರುಂಟಾ? ಅಂತ ಬೋರವ್ವ ತನ್ನಲ್ಲೇ ಅಂದುಕೊಂಡಳು.

ಹೊನ್ನಿ ಬೆರಳು ಮಡಿಸಿದಳು. ಬೋರವ್ವ ನನಗೂ ವಾಯು ಅಂತ ಚಾಪೆ ಹಾಸಿ ಮಲಗಿಬಿಟ್ಟಳು. ಸಣ್ಣಜ್ಜಿ ನಾಡಿ ಹಿಡಿದು ತುಸು ನಕ್ಕಳು. ನಾಡಿ ಸುಳ್ಳು ಹೇಳುತ್ತಾ? ಆದರೂ ವರ್ಷಕ್ಕೊಮ್ಮೆ ಈ ಮದ್ದು ಯಾರಿಗಾದರೂ ಒಳ್ಳೇದೇ, ಶುರು ಮಾಡಿ ಅಂದಳು.

ಮದ್ದು ಹಾಕಿ ಕಾಯಿಸಿದ ತುಪ್ಪ, ಬಾಯಿಗಿಟ್ಟರೆ ಬೇವಿನಂಥ ಕಹಿ. ಹೊನ್ನಿ ಕುಡಿದದ್ದು ಇದನ್ನಾ? ಮೂಗು ಹಿಡಿದು ಕುಡಿದಳು. ಎಣ್ಣೆಯ ದಿನ ಅತ್ತೆಯ ಕೈ ನೆತ್ತಿ ಮುಟ್ಟಿದಾಗ ಕಣ್ಣು ಮುಚ್ಚಿಕೊಂಡಳು, ಇದು ಮುಗಿಯೋದೇ ಬೇಡ ಅನ್ನಿಸಿತು. ಏಳನೇ ದಿನ ಅಜ್ಜಿ ಭೇದಿಯ ಕಷಾಯ ಕೊಟ್ಟಳು. ಏನು ಹೇಳಲಿ, ಹಿತ್ತಲಿಗೂ ಚಾಪೆಗೂ ಹದಿನೆಂಟು ಸಲ! ಹುಲೀನ ನೋಡಿ ನರಿ ಮೈ ಸುಟ್ಟುಕೊಂಡಿತಂತೆ.

ಎಂಟನೇ ದಿನ ಬೋರವ್ವನಿಗೆ ಎದ್ದು ಕೂರೋ ತ್ರಾಣ ಇರಲಿಲ್ಲ. ಅತ್ತೆ ಅವಳ ತಲೆಯನ್ನ ತೊಡೆ ಮೇಲಿಟ್ಟುಕೊಂಡಳು. ಬೋರವ್ವ ಅತ್ತುಬಿಟ್ಟಳು. ನನಗೆ ವಾಯು ಇಲ್ಲ ಅತ್ತೆ, ಬರೀ ಹೊಟ್ಟೆಕಿಚ್ಚು ಅಂದಳು.

"ಗೊತ್ತು ಕಣವ್ವ," ಅಂದಳು ಅತ್ತೆ. "ಆದ್ರೆ ಹನ್ನೆರಡು ವರ್ಷದಲ್ಲಿ ನೀನು ಒಂದು ದಿನ ಮಲಗಿದ್ದೀಯಾ? ಮಲಗದೋಳ ನೆತ್ತಿ ನನ್ನ ಕೈಗೆ ಎಟುಕೋದು ಹೆಂಗೆ?"

ಅಂದೋಳೇ ಹರಳೆಣ್ಣೆ ಬಟ್ಟಲು ಹತ್ತಿರ ಎಳಕೊಂಡು ನೆತ್ತಿಗೆ ತಟ್ಟತೊಡಗಿದಳು.

ಆಗ ಬಾಗಿಲ ಸಂದಿಯಲ್ಲಿ ಒಂದು ಕಣ್ಣು. ಯಾರದ್ದು? ಗಂಜಿ ತಂದು ಅಲ್ಲೇ ನಿಂತ ಹೊನ್ನಿಯದ್ದು. ಅವಳ ಹೊಟ್ಟೇಲಿ ಸಣ್ಣಗೆ ಉರಿ ಹತ್ತಿತ್ತು. ಆ ಸಂದಿ ಎಂಥದ್ದು ಅಂತ ಬೋರವ್ವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?

"ಒಳಗೆ ಬಾರೇ," ಅಂದಳು ಬೋರವ್ವ. "ಅತ್ತೆಯ ಈ ಕಡೆ ತೊಡೆ ಖಾಲಿ ಐತೆ."

ಅವರ ಗಂಜಿ ಆರಿತು, ನನ್ನ ಬಾಯಿ ಒಣಗಿತು. ಕತೆ ಅಲ್ಲಿಗೆ ಆಯ್ತು, ಒಂದು ಚೊಂಬು ನೀರು ಇಲ್ಲಿಗೆ ಬರಲಿ.