ಬಾಳಂತಿ ಕೋಣೆಯ ಮೇಲಿನ ಹಂಚು

ನನ್ನ ಹೆಸರು ಬೆಳ್ಯಪ್ಪ ಗೌಡ, ಪ್ರಾಯ ಐವತ್ತಾರು, ಕಸುಬು ಕೃಷಿ, ವಾಸ ಸುಳ್ಯ ತಾಲೂಕಿನ ಅರಂತೋಡು ಗ್ರಾಮ. ಹಂಚು ಕಳವಾದ ಬಗ್ಗೆ ನಾನು ನಿನ್ನೆ ಸಂಜೆ ಈ ಠಾಣೆಯಲ್ಲಿ ದೂರು ಕೊಟ್ಟಿದ್ದು, ಇಂದು ಪುನಃ ಹಾಜರಾಗಿ ಬರೆಸುವುದೇನೆಂದರೆ:

ನಮ್ಮ ಮನೆಗೆ ಮುಳಿಹುಲ್ಲಿನ ಮಾಡು ಇತ್ತು. ಅದನ್ನು ತೆಗೆದು ಹಂಚು ಹಾಕಿಸುವುದೆಂದು ಕಳೆದ ಜನವರಿಯಲ್ಲಿ ಬಡಗಿ ಕಿಟ್ಟಣ್ಣ ಆಚಾರಿಯನ್ನು ಕರೆಸಿದೆ. ಎಷ್ಟು ಹಂಚು ಬೇಕು, ಎಷ್ಟು ಖರ್ಚು ಬೀಳುತ್ತದೆ ಎಂದು ಅವನು ಹೇಳಬೇಕಿತ್ತು. ಬಿಸು ಹಬ್ಬ ಕಳೆದ ಮೇಲೆ ದರ ಏರುವ ಸುದ್ದಿ ಇದ್ದದ್ದರಿಂದ ನನಗೆ ಅವಸರವಿತ್ತು. ಆಗ ನನ್ನ ಸೊಸೆ ಹರಿಣಾಕ್ಷಿಗೆ ಏಳು ತಿಂಗಳು. ಮನೆಯಲ್ಲಿ ಬಸುರಿ ಇರುವಾಗ ಮಾಡಿಗೆ ಕೈ ಹಾಕುವ ಕ್ರಮ ನಮ್ಮಲ್ಲಿ ಇಲ್ಲ. ಏಣಿ ಇಡಬಾರದೆಂದು ನಾನು ಹೇಳಿದ್ದರಿಂದ ಕಿಟ್ಟಣ್ಣ ಅಂಗಳದಲ್ಲೇ ನಿಂತು ಮಾಡಿನ ಉದ್ದ ಅಳೆದ. ಅಗಲವನ್ನು ನಾನೇ ಅಳೆದು, ಇಪ್ಪತ್ತು ಅಡಿ ಎಂದು ಮರುದಿನ ಅವನಿಗೆ ಹೇಳಿಕಳುಹಿಸಿದೆ. ಒಡೆಯುವ ಹಂಚನ್ನೂ ಸೇರಿಸಿ ಸಾವಿರದ ನೂರು ಸಾಕು ಎಂದು ತಿಳಿಸಿ ಅವನು ಮಡಿಕೇರಿ ಕಡೆ ಕೆಲಸಕ್ಕೆ ಹೋದ.

ಏಪ್ರಿಲ್ ಹತ್ತರಂದು ಮಂಗಳೂರಿನಿಂದ ಹಂಚು ಬಂತು. ಲಾರಿಯ ಚಾಲಕ ನಮ್ಮ ಊರಿನವನೇ ಆದ ಅಬ್ದುಲ್ ರಹ್ಮಾನ್. ಅವನಿಗೂ ನನಗೂ ಇಪ್ಪತ್ತು ವರ್ಷದ ಪರಿಚಯ. ಆದರೂ ಅದೇ ಲಾರಿಯಲ್ಲಿ ಬೇರೆಯವರ ಹಂಚೂ ಇದ್ದು, ಅದನ್ನು ಪುತ್ತೂರಿನಲ್ಲಿ ಇಳಿಸಿ ಬಂದಿದ್ದ. ಅದು ನನಗೆ ಆವತ್ತೇ ಸರಿ ಕಾಣಲಿಲ್ಲ. ನಾನು ಎಣಿಸುತ್ತ ನಿಂತೆ. ನಾನೂರು ದಾಟಿದಾಗ ಅವನು, "ಎಲೆ ಅಡಿಕೆ ಉಂಟಾ ಗೌಡ್ರೆ?" ಎಂದು ಕೇಳಿ ನನ್ನ ಲೆಕ್ಕ ತಪ್ಪಿಸಿದ. ಬೇಕೆಂದೇ ಕೇಳಿದ್ದು ಎಂದು ಆಮೇಲೆ ನನಗೆ ಖಾತ್ರಿಯಾಯಿತು.

ಸೊಸೆ ತವರಿನಲ್ಲಿ ಗಂಡುಮಗು ಹೆತ್ತ ಸುದ್ದಿ ಬಂದ ಮೇಲೆಯೇ ಹುಲ್ಲು ಇಳಿಸಿದೆವು. ಮೇಸ್ತ್ರಿ ಡೊಂಬಯ್ಯನ ಆಳುಗಳು ಮರದ ಪಕ್ಕಾಸು, ಅದರ ಮೇಲೆ ರೀಪಿನ ಪಟ್ಟಿ ಹೊಡೆದು ಹಂಚು ಹಾಕಿದರು. ಬಾಳಂತಿಗೆಂದು ಇಟ್ಟ ಕೋಣೆಯ ಮೇಲೆ ಬಂದಾಗ ಹಂಚು ಮುಗಿಯಿತು. ಕಾರ್ಖಾನೆಯಲ್ಲಿ ವಿಚಾರಿಸಿದರೆ ಇನ್ನು ಮಳೆಗಾಲ ಕಳೆದ ಮೇಲೆಯೇ ಎಂದರು. ಕಿಟ್ಟಣ್ಣನ ಲೆಕ್ಕ ತಪ್ಪಿದ್ದನ್ನು ಊರಿನಲ್ಲಿ ಯಾರೂ ಕಂಡವರಿಲ್ಲ. ಹಾಗಿರುವಾಗ ಹಂಚು ಕದ್ದುಹೋಗದೆ ಬೇರೆ ಎಲ್ಲಿಗೆ ಹೋಗಬೇಕು ಎಂದು ನಾನು ಗಟ್ಟಿ ಮಾಡಿಕೊಂಡೆ. ಸದ್ಯಕ್ಕೆ ಆ ಜಾಗಕ್ಕೆ ತೆಂಗಿನ ಮಡಲು ಕಟ್ಟಿಸಿದೆ.

ಮೊನ್ನೆ ಭಾನುವಾರ, ಗೊತ್ತುಮಾಡಿದ ದಿನಕ್ಕೆ, ಸೊಸೆ ಮತ್ತು ಮಗು ಬಂದರು. ಸಂಜೆ ಗಾಳಿಮಳೆ ಬಂದು ಮಡಲು ಹಾರಿಹೋಯಿತು. ತೊಟ್ಟಿಲು ಒದ್ದೆಯಾಯಿತು. ಮಳೆ ನಿಲ್ಲುವವರೆಗೆ ನನ್ನ ಹೆಂಡತಿ ಸೇವಂತಿ ಮಗುವಿನ ಮೇಲೆ ಕೊಡೆ ಹಿಡಿದು ನಿಂತಿದ್ದಳು.

ಮರುದಿನ ಬೆಳಿಗ್ಗೆ ಅಬ್ದುಲ್ ರಹ್ಮಾನ್ ಜೀಪಿನಲ್ಲಿ ಎರಡು ಸಲ ಹಂಚು ತಂದು, ತಾನೇ ಮೇಲೆ ಹತ್ತಿ ಹಾಕಿಕೊಟ್ಟ. ಎಲ್ಲಿಂದ ಎಂದು ಕೇಳಿದ್ದಕ್ಕೆ, "ಮನೆಯಲ್ಲಿ ಇದ್ದದ್ದು. ಮಗು ನೆನೆಯುದು ಬೇಡ ಗೌಡ್ರೆ, ಲೆಕ್ಕ ಎಲ್ಲ ಮತ್ತೆ ನೋಡುವ" ಎಂದ. ಈ ಕಾಲದಲ್ಲಿ ಹಂಚನ್ನು ಸುಮ್ಮನೆ ಯಾರು ಕೊಡುತ್ತಾರೆ? ತಿರುಗಿಸಿ ನೋಡಿದರೆ ನನ್ನ ಹಂಚಿನ ಕಾರ್ಖಾನೆಯದೇ ಮುದ್ರೆ. ಪಾಚಿ ಹಿಡಿದ ಹಳೆ ಹಂಚಿಗೆ ಕಳವಿನ ಹೆಸರು ಹೇಳುತ್ತೀರಲ್ಲ ಎಂದು ಸೇವಂತಿ ಕೇಳಿದಳು. ನೆರಳಿನಲ್ಲಿಟ್ಟು ನೀರು ಹೊಯ್ದರೆ ಪಾಚಿ ಬಾರದೇ ಎಂದು ಅವಳ ಬಾಯಿ ಮುಚ್ಚಿಸಿ, ನಿನ್ನೆ ಬಂದು ದೂರು ಕೊಟ್ಟೆ. ಇಂದು ಬೆಳಿಗ್ಗೆ ಅವನನ್ನು ಠಾಣೆಗೆ ಕರೆಸಿದ್ದಾರೆ.

ಮಧ್ಯಾಹ್ನ ಕಿಟ್ಟಣ್ಣ ಊರಿಗೆ ಬಂದವನು ನಮ್ಮಲ್ಲಿಗೆ ಬಂದ. ಅಗಲವನ್ನು ಎಲ್ಲಿಂದ ಎಲ್ಲಿಗೆ ಅಳೆದದ್ದು ಎಂದು ಕೇಳಿದ. ಒಳಗೆ, ಗೋಡೆಯಿಂದ ಗೋಡೆಗೆ, ನೆಲದ ಮೇಲೆ ಎಂದೆ. ಅವನು ಏಣಿ ಇಟ್ಟು, ಮಾಡಿನ ನೆತ್ತಿಯಿಂದ ಇಳಿಜಾರಿನಲ್ಲಿ ಎರಡೂ ಬದಿಯ ಅಂಚಿನವರೆಗೆ ಟೇಪು ಹಿಡಿದ. ಎರಡೂ ಬದಿ ಸೇರಿ ಇಪ್ಪತ್ತೆಂಟು ಅಡಿ ಬಂತು. "ಹಂಚು ಹಾಕುದು ಮಾಡಿಗೆ ಅಲ್ವಾ ಗೌಡ್ರೆ. ನೀವು ಹೇಳಿದ್ದು ಮಾಡಿನ ಅಗಲ ಅಂತ ನಾನು ತಿಳಿದೆ ಮಾರಾಯ್ರೆ" ಎಂದ. ಅವನು ಎಣಿಸಿದಾಗ ಮೇಲಿದ್ದ ಹೊಸ ಹಂಚು, ಕೆಳಗೆ ಬಿದ್ದ ಒಡಕು, ಎಲ್ಲ ಸೇರಿ ಸಾವಿರದ ನೂರೇ ಆಯಿತು. ನನಗೆ ನಂಬಿಕೆ ಬಾರದೆ ನಾನೂ ಎಣಿಸಿದೆ, ಸೇವಂತಿಯಿಂದಲೂ ಎಣಿಕೆ ಮಾಡಿಸಿದೆ. ಒಂದು ಹಂಚೂ ಕಡಿಮೆ ಇರಲಿಲ್ಲ.

ಅಲ್ಲಿಂದ ನೇರ ಅಬ್ದುಲ್ ರಹ್ಮಾನನ ಮನೆಗೆ ಹೋದೆ. ಅವನ ಆಡಿನ ಹಟ್ಟಿಯ ಮೇಲೆ ಬರೀ ರೀಪು ಉಂಟು. ಅವನ ಹೆಂಡತಿ ಪಾತುಮ್ಮ ಆಡುಗಳನ್ನು ಅಡಿಗೆಮನೆಯ ಜಗಲಿಯಲ್ಲಿ ಕಟ್ಟಿದ್ದರು. ಗಂಡನಿಗೆ ಠಾಣೆಯಲ್ಲಿ ಊಟ ಸಿಕ್ಕಿತೇ ಎಂದು ಕೇಳಿದರು. ನನಗೆ ಗೊತ್ತಿರಲಿಲ್ಲ. ನಾಚಿಕೆಯಿಂದ ಅವರ ಮುಖ ನೋಡಲಾಗಲಿಲ್ಲ.

ಆದ್ದರಿಂದ ಕಳವು ಆಗಿಲ್ಲ. ಅಬ್ದುಲ್ ರಹ್ಮಾನ್ ಅವರನ್ನು ಈಗಲೇ ಮನೆಗೆ ಬಿಡಬೇಕಾಗಿ ಕೇಳಿಕೊಳ್ಳುತ್ತೇನೆ. ನಾನು ಒಳಗೆ ಬರುವಾಗ ಅವರು ಬೆಂಚಿನ ಮೇಲೆ ಕುಳಿತಿದ್ದು, ಕೋಣೆ ಸೋರುವುದಿಲ್ಲವಲ್ಲ ಎಂದಷ್ಟೇ ವಿಚಾರಿಸಿದರು. ಇದನ್ನು ಬರೆಸುವಾಗ ಹೊರಗೆ ಮಳೆ ಹಿಡಿದಿದೆ. ಅವರ ಹಟ್ಟಿಯ ಹಂಚು ನನ್ನ ಮನೆಯ ಮೇಲೆ ಉಂಟು. ಮಗು ಅದರ ಕೆಳಗೆ ಮಲಗಿರುವುದರಿಂದ ಅದನ್ನು ತೆಗೆದು ಹಿಂದೆ ಕೊಡಲು ಸದ್ಯಕ್ಕೆ ನನ್ನಿಂದ ಆಗುವುದಿಲ್ಲ.

ಮೇಲೆ ಬರೆಸಿದ್ದನ್ನು ನನಗೆ ಓದಿ ಹೇಳಲಾಗಿದೆ. ನಾನು ಹೇಳಿದಂತೆಯೇ ಇದೆ, ಎಲ್ಲವೂ ಸತ್ಯ.

ಸ್ಥಳ: ಸುಳ್ಯ
ದಿನಾಂಕ: 20-5-1981
(ಸಹಿ) ಬೆಳ್ಯಪ್ಪ ಗೌಡ