ಆಟ ತಡೆದವರು

ಇಲ್ಲಿ ಬಂದು ಕುಳಿತಿರುವ ಎಲ್ಲರಿಗೂ ನಮಸ್ಕಾರ. ಭವಾನಿಯ ತಂದೆ ಮುರಿಗೆಪ್ಪನವರೇ, ತಾಯಿ ಶಂಕ್ರಮ್ಮನವರೇ, ತಮ್ಮ ವೀರೇಶ್ — ನಿಮ್ಮೆದುರು ಮಾತಾಡುವ ಯೋಗ್ಯತೆ ನನಗಿದೆಯೋ ಇಲ್ಲವೋ, ಕೇಳಿದ ಮೇಲೆ ನೀವೇ ಹೇಳಿ.

ನಾನು ಜಯಪ್ರಕಾಶ್. ಹನ್ನೊಂದು ವರ್ಷ ನಾನೂ ಭವಾನಿಯೂ ಚೆನ್ನೈನ ತ್ರಿಪ್ಲಿಕೇನಿನ ಮೆಸ್ಸೊಂದರ ಮಹಡಿಯಲ್ಲಿ ಮಕ್ಕಳಿಗೆ ಕಂಪ್ಯೂಟರ್ ಆಟಗಳನ್ನು ಮಾಡಿದೆವು. ಆಡುತ್ತಾ ಏನಾದರೂ ಕಲಿಯುವಂಥ ಆಟಗಳು. ಕೊನೆಯದು ‘ಮನೆ ಸೇರು’. ನೀರು ನಿಂತ ಬೀದಿಗಳನ್ನು ದಾಟಿ ಮಗು ಕ್ಷೇಮವಾಗಿ ಮನೆ ಸೇರಬೇಕು.

ಮಕ್ಕಳಿಂದ ಆಡಿಸಿ ನೋಡಿದ ದಿನ ಭವಾನಿ ನನ್ನ ಮೇಜಿನ ಹತ್ತಿರ ಬಂದರು. “ಜೇಪಿ, ಆಟದಾಗ ಹುಡುಗ್ರು ಕರೆಂಟ್ ಪೆಟ್ಟಿಗಿ ಬಾಜೂಕ ನೀರಾಗ ಓಡಾಕತ್ತಾರ. ತಡ ಆದ್ರ ಪಾಯಿಂಟ್ ಕಡಿಮಿ ಆಗ್ತಾವಲ್ಲ, ಅದಕ್ಕ. ಇದನ್ನ ಹೊರಗ ಬಿಡಬ್ಯಾಡ್ರಿ.”

“ಸೋಮವಾರ ಶಾಲೆಗಳಿಗೆ ಕೊಡ್ಬೇಕು ಮಾರಾಯ್ತಿ. ಆಟ ಅಲ್ವಾ ಇದು?”

“ಕಲಿಸಾಕಂತನ ಮಾಡೇವಿ. ಇದನ್ನ ಕಲ್ತ್ರ?”

ನಾನು ಕೇಳಲಿಲ್ಲ — ಏಳು ಶಾಲೆಗಳಿಗೆ ಕಳಿಸಿಬಿಟ್ಟೆ. ಭವಾನಿ ಒಂದೊಂದೇ ಶಾಲೆಗೆ ಫೋನ್ ಮಾಡಿ, ತೆಗೆದುಹಾಕಿ ಎಂದು ಬೇಡಿಕೊಂಡರು. ನಾಲ್ಕು ಶಾಲೆಯವರು ತೆಗೆದರು. ಬುಧವಾರ ನನಗೆ ಗೊತ್ತಾಯಿತು. ಎಲ್ಲರೆದುರು ಕೂಗಾಡಿದೆ — “ನಾಳೆಯಿಂದ ಇಲ್ಲಿಗೆ ಬರ್ಬೇಡ!” ಅವರು ಮೆಟ್ಟಿಲಿಳಿದು ಹೋದರು.

ಶನಿವಾರ ಸಂಜೆ ಅಣ್ಣಾ ನಗರದಲ್ಲಿ, ನಮ್ಮ ಬೀದಿಯಲ್ಲಿ, ಮೊಣಕಾಲುದ್ದ ಮಳೆನೀರು. ನನ್ನ ಮಗಳು ವೀಕ್ಷಾ, ಒಂಬತ್ತು ವರ್ಷ, ಕೈ ಬಿಡಿಸಿಕೊಂಡು ಓಡಿದಳು — ನೇರ, ಮೂಲೆಯ ಕರೆಂಟ್ ಪೆಟ್ಟಿಗೆಯನ್ನು ಸವರಿಕೊಂಡು! ಕಿರುಚಿದೆ. ನಿಲ್ಲಲಿಲ್ಲ. ಆಗ ಬೀದಿಯಲ್ಲಿ ಕರೆಂಟ್ ಹೋಗಿತ್ತು — ಅಷ್ಟೇ. ಆ ಒಂದು ಕಾರಣಕ್ಕೆ ನನ್ನ ಮಗು ಉಳಿಯಿತು. ಹಿಡಿದು ಯಾಕೆ ಓಡಿದೆ ಎಂದರೆ, ಅವಳು ತಮಿಳಿನಲ್ಲಿ, “ನಿನ್ನಾ ಪಾಯಿಂಟ್ ಪೋಯಿಡುಂ ಅಪ್ಪಾ” ಅಂದಳು. ನಿಂತರೆ ಪಾಯಿಂಟ್ ಹೋಗ್ತದಂತೆ. ಆಟವನ್ನು ಮೊದಲು ಆಡಿದ ಮಕ್ಕಳಲ್ಲಿ ಅವಳೂ ಒಬ್ಬಳು.

ಫೋನ್ ಕೈಗೆತ್ತಿಕೊಂಡೆ. ಭವಾನಿಯ ನಂಬರ್ ತೆಗೆದೆ — ಮಾಡಲಿಲ್ಲ. ನಾಚಿಕೆ. ಸೋಮವಾರ ಮನೆಗೇ ಹೋಗಿ ತಪ್ಪಾಯಿತು ಅನ್ನೋಣ ಅಂದುಕೊಂಡೆ. ಭಾನುವಾರ ಬೆಳಿಗ್ಗೆ ಕ್ರೋಂಪೇಟೆ ರೈಲ್ವೆ ಸ್ಟೇಷನ್ನಿನ ಮೆಟ್ಟಿಲ ಮೇಲೆ ಕುಸಿದವರು ಮತ್ತೆ ಏಳಲಿಲ್ಲ. ಹೃದಯಾಘಾತ ಅಂದರು ಡಾಕ್ಟರು. ನಲವತ್ತೊಂದು ವರ್ಷ.

ಶಂಕ್ರಮ್ಮನವರೇ — ಆಸ್ಪತ್ರೆಯಲ್ಲಿ ನೀವು ಕೇಳಿದಿರಿ, “ಈ ವಾರ ಆಕಿ ಮನ್ಯಾಗ ಇದ್ಲಲ್ಲಪ್ಪಾ, ರಜಾ ಹಾಕಿದ್ಲೇನು?” ಹೌದಮ್ಮ ಅಂದೆ. ಸುಳ್ಳು. ರಜೆಯಲ್ಲ ಅಮ್ಮ. ನಾನೇ ಅವರನ್ನು ಹೊರಗೆ ಹಾಕಿದ್ದೆ.

ವೀರೇಶ್ — ನೀವು ಎದ್ದಿರಿ. ನಿಮ್ಮ ಸಿಟ್ಟು ನ್ಯಾಯವೇ. ಒಂದೇ ಮಾತು, ಮುಗಿಸುತ್ತೇನೆ.

ಉಳಿದ ಮೂರು ಶಾಲೆಗೂ ನಾನೇ ಹೋದೆ. ನಿನ್ನೆ ಕೊನೆಯ ಶಾಲೆಯಲ್ಲೂ ಆಟ ತೆಗೆಸಿದೆ. ಯಾಕೆಂದು ಕೇಳಿದರು. ಇಲ್ಲಿ ಹೇಳಿದ್ದನ್ನೇ ಅಲ್ಲೂ ಹೇಳಿದೆ.

ನನಗೆ ಕ್ಷಮೆ ಬೇಡ. ವೀರೇಶ್ ಆಗಲೇ ನಿಂತಿದ್ದಾರೆ. ಉಳಿದವರೂ ದಯವಿಟ್ಟು ಏಳಿ — ನನಗಾಗಿ ಅಲ್ಲ, ಭವಾನಿಗಾಗಿ. ಎರಡು ನಿಮಿಷ ಯಾರೂ ಮಾತಾಡುವುದು ಬೇಡ.