ನಾಲಗೆಯಡಿಯ ಕ್ವಿನೈನು

ಯುದ್ಧ ಮುಗಿದರೂ ರೈಲುಗಳ ತಡ ಮುಗಿದಿರಲಿಲ್ಲ. ಮದ್ದೂರು ಸ್ಟೇಷನ್ನಿನಲ್ಲಿ, ನಾನು ಕೂತ ಬೆಂಚಿನ ಇನ್ನೊಂದು ತುದಿಯಲ್ಲಿ ಚಿಕ್ಕರಸಿನಕೆರೆಯ ಚಲುವಮ್ಮ ಎಂಬುವರು ಬೊಂಬಾಯಿಗೆ ಓದಲು ಹೊರಟ, ಕಾಂಪೌಂಡರ್ ಸಾಹೇಬರ ಮಗಳು ಮಹಮೂದಾಳನ್ನು ಕಳಿಸಿಕೊಡಲು ಬಂದು ಕೂತಿದ್ದರು.

“ಇನ್ನೂ ಓದೋದೇನವ್ವಾ ಉಳ್ಕಂಡದೆ? ಡಾಕ್ಟ್ರಾಯ್ತೀಯಾ?”

“ಸೂಜಿ ಚುಚ್ಚೋ ಡಾಕ್ಟ್ರಲ್ಲ ಚಲುವವ್ವ. ಮದ್ದು ಕೊಟ್ರೂ ಜನ ಯಾಕೆ ನುಂಗಲ್ಲ ಅಂತ ಕೇಳಿ ಬರೆದರೆ ಕೊಡೋ ಡಾಕ್ಟ್ರು ಪದವಿ.”

“ಅದ ಕೇಳಕ್ಕೆ ಬೊಂಬಾಯ್ಗಂಟ ಓಗ್ಬೇಕಾ? ನನ್ನೇ ಕೇಳು.”

“ಸರಿ, ಹೇಳು. ನಾಲೆ ನೀರು ಬಂದು ಚಳಿಜ್ವರ ಹಬ್ಬಿದಾಗ ನಮ್ಮ ಅಬ್ಬಾ ಸೈಕಲ್ಲಲ್ಲಿ ತಂದು ಕೊಡ್ತಿದ್ದ ಕ್ವಿನೈನು ನುಂಗ್ತಿದ್ಯಾ?”

ಚಲುವಮ್ಮ ನಕ್ಕರು. “ಕಾಂಪೌಂಡರ್ ಸಾಬ್ರು ಬಾಯಿ ತೆಗೆಸಿ ನೋಡೋರು. ಪಾಪ, ನಾಲ್ಗೆ ಎತ್ತು ಅಂತಿರ್ನಿಲ್ಲ. ಆಮ್ಯಾಕೆ ಒಂದ್ ಚೂರು ಬೆಲ್ಲ ಕೊಡೋರು. ಗುಳಿಗೆ ಇತ್ಲಲ್ಲಿ ಉಗ್ದು ಬೆಲ್ಲ ಚೀಪ್ತಿದ್ದೊ.”

“ಕಹಿ ಅಂತಲಾ?”

“ಅದ ನುಂಗಿದ್ರೆ ಬಸ್ರು ನಿಲ್ಲಾಕಿಲ್ಲ ಅಂತ. ನಂಗಾಗ ಮೂರು ತಿಂಗ್ಳು.”

“ಆಮೇಲೆ?”

“ಜ್ವರ ಬುಡ್ನಿಲ್ಲ. ಕೂಸೂ ಉಳೀನಿಲ್ಲ ಕಣವ್ವ.”



“ತಾನು ಕೊಟ್ಟ ಗುಳಿಗೆಯಲ್ಲೇ ಏನೋ ದೋಷ ಇತ್ತು ಅಂತ ಅಬ್ಬಾ ಸಾಯೋವರೆಗೂ ಕೊರಗಿದರು.”

“ನಾನೂ ಬಾಯ್ಬುಡ್ನಿಲ್ಲ. ಈಗ ಬರ್ಕೋ. ನನ್ನೆಸ್ರೂ ಬರಿ.”

“ಹೇಳಿದವರ ಹೆಸರು ಬರೆಯೋ ಹಾಗಿಲ್ಲ ಚಲುವವ್ವ.”

ರೈಲು ಬಂತು. ಚಲುವಮ್ಮನವರೇ ಟ್ರಂಕು ಎತ್ತಿಕೊಂಡು ಹೆಂಗಸರ ಡಬ್ಬಿಯ ಕಡೆ ನಡೆದರು.

“ಅಂಗಾರೆ ನಿಮ್ಮಪ್ಪನ ಎಸ್ರಾದ್ರೂ ಬರಿ. ಗುಳಿಗೆ ಸರ್ಯಾಗೇ ಇತ್ತು ಅಂತ ಬರಿ.”